ಎಲ್ಲಿ ನೋಡಬಾರದು ಎಂಬ ಲೆಕ್ಕ

ಮತ್ತಿಕೆರೆಯ ಅಡ್ಡರಸ್ತೆಯೊಂದರಲ್ಲಿ ರಾತ್ರಿ ನಿಲ್ಲಿಸಿದ್ದ ಬಿಳಿ ಕಾರು ಬೆಳಗಾಗುವಷ್ಟರಲ್ಲಿ ಕಾಣೆಯಾಗಿದೆ ಎಂದುಕೊಳ್ಳೋಣ. ಕದ್ದವರು ಅದನ್ನು ಗೋಕುಲದ ಕಡೆಗೆ ಓಡಿಸಿರಬಹುದು, ಯಶವಂತಪುರ ರೈಲ್ವೆ ನಿಲ್ದಾಣದತ್ತ ತಿರುಗಿಸಿರಬಹುದು, ಇಲ್ಲವೇ ನ್ಯೂ ಬಿಇಎಲ್ ರಸ್ತೆ ಹಿಡಿದು ಹೆಬ್ಬಾಳ ದಾಟಿಸಿರಬಹುದು. ಯಾವ ದಾರಿ ಹಿಡಿದರೂ ಅಂಗಡಿ, ಸಿಗ್ನಲ್, ಅಪಾರ್ಟ್‌ಮೆಂಟ್ ಗೇಟು ಎಂದು ಹತ್ತಾರು ಕ್ಯಾಮೆರಾಗಳ ಮುಂದೆ ಆ ಕಾರು ಹಾದುಹೋಗಿರಲೇಬೇಕು. ಉತ್ತರ ಎಲ್ಲೋ ರೆಕಾರ್ಡ್ ಆಗಿ ಕುಳಿತಿದೆ. ಆದರೆ ಅದನ್ನು ಕೂತು ನೋಡುವವರು ಯಾರು?

ಸಾವಿರ ಕ್ಯಾಮೆರಾಗಳು ಒಂದು ದಿನ ಓಡಿದರೆ 24,000 ಗಂಟೆಗಳ ವಿಡಿಯೊ ಕೂಡಿಕೊಳ್ಳುತ್ತದೆ. ಒಬ್ಬ ಸಿಬ್ಬಂದಿ ದಿನಕ್ಕೆ ಎಂಟು ಗಂಟೆಯಂತೆ ರಜೆಯಿಲ್ಲದೆ ನೋಡಿದರೂ ಮುಗಿಸಲು 3,000 ದಿನ ಬೇಕು. ಅಂದರೆ ಎಂಟು ವರ್ಷಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ನೆರವಿನಿಂದ ಬಂದ ಸೇಫ್ ಸಿಟಿ ಯೋಜನೆಯ ಕ್ಯಾಮೆರಾಗಳೇ 7,000ಕ್ಕೂ ಹೆಚ್ಚಿವೆ. ಖಾಸಗಿಯವರು ಹಾಕಿಸಿಕೊಂಡವು ಈ ಲೆಕ್ಕದಲ್ಲಿಲ್ಲ.

ಕಂಪ್ಯೂಟರಿಗೇ ನೋಡಲು ಬಿಟ್ಟರೂ ಹೊರೆ ಇಳಿಯುವುದಿಲ್ಲ. ಪ್ರತಿ ಸೆಕೆಂಡಿಗೆ ಒಂದೇ ಒಂದು ಫ್ರೇಮ್ ತೆಗೆದುಕೊಂಡರೂ ಸಾವಿರ ಕ್ಯಾಮೆರಾಗಳಿಂದ ದಿನಕ್ಕೆ 8.64 ಕೋಟಿ ಚಿತ್ರಗಳಾಗುತ್ತವೆ. ಒಂದೊಂದನ್ನೂ ನರಜಾಲ ಮಾದರಿಯೊಳಗೆ ಹಾಯಿಸಲು ದುಬಾರಿ ಜಿಪಿಯು ಚಿಪ್‌ಗಳು, ಅವುಗಳಿಗೆ ವಿದ್ಯುತ್ತು, ಚಿತ್ರಗಳನ್ನು ಸಾಗಿಸಲು ನೆಟ್‌ವರ್ಕ್ ಎಲ್ಲವೂ ಬೇಕು. ಹೀಗಾಗಿ ವಿಡಿಯೊ ಹುಡುಕಾಟದ ಸಂಶೋಧನೆಯ ತಿರುಳು ಚಿತ್ರವನ್ನು ಗುರುತಿಸುವುದಕ್ಕಿಂತ ಒಂದು ಹೆಜ್ಜೆ ಹಿಂದೆ ಇದೆ: ಯಾವುದನ್ನು ನೋಡದೆ ಬಿಡಬಹುದು ಎಂದು ಸರಿಯಾಗಿ ನಿರ್ಧರಿಸುವುದರಲ್ಲಿ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಪಿಎಚ್.ಡಿ. ಸಂಶೋಧನೆಯೊಂದು ನಡೆದದ್ದು ಮತ್ತಿಕೆರೆಯಿಂದ ನಡೆದುಹೋಗುವಷ್ಟು ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಗಣನ ಮತ್ತು ದತ್ತಾಂಶ ವಿಜ್ಞಾನ ವಿಭಾಗದ ಪ್ರಾಧ್ಯಾಪಕ ಯೋಗೇಶ್ ಸಿಮ್ಹನ್ ಅವರ ಡ್ರೀಮ್ ಲ್ಯಾಬ್‌ನಲ್ಲಿ ಸಂಶೋಧನಾರ್ಥಿಯಾಗಿದ್ದ ಆಕಾಶ್ ಖೋಚರೆ ಮತ್ತು ಸಂಗಡಿಗರು ಕಟ್ಟಿದ ತಂತ್ರಾಂಶ ವೇದಿಕೆಯ ಹೆಸರು ‘ಅನ್ವೇಷಕ್’. ಅದರ ವಿವರಗಳು 2021ರಲ್ಲಿ ಐಇಇಇ ಸಂಸ್ಥೆಯ ಸಮಾಂತರ ಮತ್ತು ವಿತರಿತ ವ್ಯವಸ್ಥೆಗಳ ಪತ್ರಿಕೆಯಲ್ಲಿ ಪ್ರಕಟವಾದವು.

ಹಿಗ್ಗುವ, ಕುಗ್ಗುವ ವೃತ್ತ

ಜಾತ್ರೆಯಲ್ಲಿ ಮಗು ಕೈತಪ್ಪಿದರೆ ತಾಯಿ ಮೊದಲು ಹುಡುಕುವುದು ತಾನು ನಿಂತ ಜಾಗದ ಸುತ್ತಲಿನ ನಾಲ್ಕು ಅಂಗಡಿಗಳನ್ನು. ಅಲ್ಲಿ ಇಲ್ಲವೆಂದಾದರೆ ಮುಂದಿನ ಸಾಲು, ಆಮೇಲೆ ತೇರಿನ ಬೀದಿ. ಅರ್ಧ ನಿಮಿಷದಲ್ಲಿ ಮಗು ಊರಾಚೆ ಹೋಗಿರಲಾರದು ಎಂಬುದು ಅವಳಿಗೆ ಗೊತ್ತು. ಅನ್ವೇಷಕ್ ಮಾಡುವುದೂ ಇದೇ ಲೆಕ್ಕವನ್ನು. ವಾಹನವೋ ವ್ಯಕ್ತಿಯೋ ಕೊನೆಯ ಬಾರಿ ಯಾವ ಕ್ಯಾಮೆರಾದಲ್ಲಿ ಕಂಡಿತು, ಕಂಡು ಎಷ್ಟು ಹೊತ್ತಾಯಿತು, ಅಷ್ಟರಲ್ಲಿ ರಸ್ತೆಯ ಮೇಲೆ ಎಷ್ಟು ದೂರ ಹೋಗಿರಲು ಸಾಧ್ಯ ಎಂದು ಗುಣಿಸಿ, ಆ ವ್ಯಾಪ್ತಿಯೊಳಗಿನ ಕ್ಯಾಮೆರಾಗಳನ್ನು ಮಾತ್ರ ಗಮನಿಸುತ್ತದೆ. ಉಳಿದವುಗಳ ದೃಶ್ಯವನ್ನು ಬದಿಗಿಡುತ್ತದೆ. ಸಂಶೋಧಕರು ಈ ವ್ಯಾಪ್ತಿಯನ್ನು ಸ್ಪಾಟ್‌ಲೈಟ್ ಎಂದು ಕರೆದಿದ್ದಾರೆ. ಹುಡುಕುತ್ತಿರುವ ಕಾರು ಮತ್ತೆ ಒಂದು ಕ್ಯಾಮೆರಾದಲ್ಲಿ ಕಂಡರೆ ಸ್ಪಾಟ್‌ಲೈಟ್ ಆ ಜಾಗಕ್ಕೆ ಕುಗ್ಗುತ್ತದೆ. ಕಣ್ಮರೆಯಾದರೆ ಕ್ಷಣಕ್ಷಣಕ್ಕೂ ಹಿಗ್ಗುತ್ತದೆ.

ಹಿಗ್ಗುವುದು ಎಷ್ಟು ಬೇಗ ಎಂಬುದರಲ್ಲೇ ಕಷ್ಟವಿದೆ. ಸೆಕೆಂಡಿಗೆ ಹತ್ತು ಮೀಟರ್ ವೇಗದ ವಾಹನ ಒಂದು ನಿಮಿಷ ಕಾಣದಿದ್ದರೆ 600 ಮೀಟರ್ ಸುತ್ತಲೂ ನೋಡಬೇಕು, ಎರಡು ನಿಮಿಷವಾದರೆ 1,200 ಮೀಟರ್. ಹೊತ್ತು ದುಪ್ಪಟ್ಟಾದರೆ ಹುಡುಕಬೇಕಾದ ವಿಸ್ತೀರ್ಣ ನಾಲ್ಕು ಪಟ್ಟು, ಹೊತ್ತು ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬೆಂಗಳೂರಿನಂಥ ಊರಿನಲ್ಲಿ ಇದನ್ನು ಬರಿಯ ವೃತ್ತ ಎಳೆದು ಲೆಕ್ಕ ಹಾಕಲಾಗದು. ಒಂದು ರಸ್ತೆ ಐವತ್ತು ಮೀಟರಿಗೆ ಮುಗಿಯುತ್ತದೆ, ಇನ್ನೊಂದು ಅರ್ಧ ಕಿಲೋಮೀಟರ್ ನೇರ ಓಡುತ್ತದೆ. ಎಲ್ಲ ರಸ್ತೆಗಳೂ ಒಂದೇ ಉದ್ದ ಎಂದು ಭಾವಿಸಿ ಹುಡುಕುವ ವಿಧಾನವನ್ನೂ, ಪ್ರತಿ ರಸ್ತೆಯ ನಿಜವಾದ ಉದ್ದವನ್ನು ಗಣನೆಗೆ ತೆಗೆದುಕೊಳ್ಳುವ ವಿಧಾನವನ್ನೂ ಸಂಶೋಧಕರು ಅಕ್ಕಪಕ್ಕ ಇಟ್ಟು ನೋಡಿದರು. ಎರಡನೆಯದು ಎಚ್ಚರದಿಂದಿಡಬೇಕಾದ ಕ್ಯಾಮೆರಾಗಳ ಸಂಖ್ಯೆಯನ್ನು ಇನ್ನಷ್ಟು ಇಳಿಸುತ್ತದೆ.

ಪ್ರಯೋಗಕ್ಕೆ ಅವರು ಆರಿಸಿಕೊಂಡ ನಕ್ಷೆಯೂ ಇದೇ ನೆರೆಹೊರೆಯದು. ಓಪನ್ ಸ್ಟ್ರೀಟ್ ಮ್ಯಾಪ್‌ನಿಂದ ವಿಜ್ಞಾನ ಸಂಸ್ಥೆಯ ಆವರಣವನ್ನು ಕೇಂದ್ರವಾಗಿಟ್ಟುಕೊಂಡು ಸುಮಾರು 7 ಚದರ ಕಿಲೋಮೀಟರಿನ ರಸ್ತೆಜಾಲವನ್ನು ತೆಗೆದುಕೊಂಡರು. ಅಂಥ ವೃತ್ತದ ತ್ರಿಜ್ಯ ಸುಮಾರು ಒಂದೂವರೆ ಕಿಲೋಮೀಟರ್. ಯಶವಂತಪುರ, ಮಲ್ಲೇಶ್ವರ, ಮತ್ತಿಕೆರೆ ಕಡೆಯ ರಸ್ತೆಗಳತ್ತ ಅದು ಚಾಚಿಕೊಳ್ಳುತ್ತದೆ. ಆ ಜಾಲದ ಸಾವಿರ ಕೂಡುಗಳಲ್ಲಿ ಸಾವಿರ ಕ್ಯಾಮೆರಾಗಳಿವೆ ಎಂದು ಕಂಪ್ಯೂಟರಿನೊಳಗೆ ಕಲ್ಪಿಸಿ, ಅವುಗಳ ನಡುವೆ ಒಬ್ಬ ವ್ಯಕ್ತಿಯನ್ನು ನಡೆಸಿ, ತಂತ್ರಾಂಶ ಅವನ ಜಾಡು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿದರು.

ಕೆಲಸ ಹಂಚಿಕೆಯಲ್ಲೂ ಇದೇ ಮಿತವ್ಯಯವಿದೆ. ಚಾಲೂ ಇರುವ ಕ್ಯಾಮೆರಾದ ಫ್ರೇಮ್‌ಗಳ ಮೇಲೆ ಮೊದಲು ಹಗುರವಾದ ಮಾದರಿಯೊಂದು ಕಣ್ಣಾಡಿಸುತ್ತದೆ: ಇಲ್ಲಿ ಕಾರು ಇದೆಯೇ? ಇದೆ ಎಂದಾದರೆ ಮಾತ್ರ ಭಾರವಾದ ಇನ್ನೊಂದು ಮಾದರಿ ಅದನ್ನು ಪರಿಶೀಲಿಸುತ್ತದೆ: ಇದು ನಾವು ಹುಡುಕುತ್ತಿರುವ ಕಾರೇ? ಉತ್ತರ ಬಂದೊಡನೆ ಸ್ಪಾಟ್‌ಲೈಟ್ ತನ್ನ ಜಾಗ ಬದಲಿಸುತ್ತದೆ. ವಾಹನ ಗುರುತಿಸುವ ಮಾದರಿಯನ್ನು ಬೇರೆಯವರು ಬರೆದು ಇದಕ್ಕೆ ಜೋಡಿಸಬಹುದು. ಯಾವ ಫ್ರೇಮ್ ಯಾವ ಯಂತ್ರಕ್ಕೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದನ್ನು ವೇದಿಕೆ ನೋಡಿಕೊಳ್ಳುತ್ತದೆ.

ಕಂಪ್ಯೂಟರುಗಳು ತಡೆದುಕೊಳ್ಳಲಾರದಷ್ಟು ಫ್ರೇಮ್‌ಗಳು ಒಮ್ಮೆಲೇ ನುಗ್ಗಿದರೆ? ಆಗ ವೇಗ, ನಿಖರತೆ, ವ್ಯಾಪ್ತಿ ಈ ಮೂರರಲ್ಲಿ ಒಂದನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಫ್ರೇಮ್‌ಗಳನ್ನು ಗುಂಪುಗುಂಪಾಗಿ ಕಟ್ಟಿ ಕಳಿಸಿದರೆ ಜಿಪಿಯು ಹೆಚ್ಚು ಕೆಲಸ ಮಾಡುತ್ತದೆ, ಆದರೆ ಗುಂಪು ತುಂಬುವವರೆಗೆ ಕಾಯಬೇಕು. ಚಿತ್ರದ ಗುಣಮಟ್ಟ ಇಳಿಸಿದರೆ ನೆಟ್‌ವರ್ಕಿನ ಹೊರೆ ಕಡಿಮೆಯಾಗುತ್ತದೆ, ಗುರುತು ಮಸುಕಾಗುತ್ತದೆ. ಹೇಗೂ ಹೊತ್ತು ಮೀರಿ ತಲುಪುವ ಫ್ರೇಮನ್ನು ದಾರಿಯಲ್ಲೇ ಕೈಬಿಟ್ಟರೆ ಹಿಂದೆ ಬರುವವುಗಳಿಗೆ ಜಾಗವಾಗುತ್ತದೆ. ಈ ಮೂರು ಹಿಡಿಗಳನ್ನು ಪರಿಸ್ಥಿತಿ ನೋಡಿ ತಾನೇ ತಿರುಗಿಸುವಂತೆ ಮಾಡಿದ್ದು ಈ ಸಂಶೋಧನೆಯ ದೊಡ್ಡ ಗಳಿಕೆ. 2019ರ ಐಇಇಇ ಸ್ಕೇಲ್ ಚಾಲೆಂಜ್ ಪ್ರಶಸ್ತಿ ಗೆದ್ದ ಪ್ರಾತ್ಯಕ್ಷಿಕೆಯಲ್ಲಿ ಸಿಮ್ಹನ್ ಮತ್ತು ಖೋಚರೆ ಅನ್ವೇಷಕ್ ವೇದಿಕೆಯನ್ನೇ ಆಂಬುಲೆನ್ಸಿಗೆ ಅನ್ವಯಿಸಿದರು. ಸುಮಾರು 4,000 ಕ್ಯಾಮೆರಾಗಳಿರುವಂತೆ ಕಲ್ಪಿಸಿದ ಬೆಂಗಳೂರಿನ ರಸ್ತೆಗಳಲ್ಲಿ ಆಂಬುಲೆನ್ಸ್ ಎತ್ತ ಸಾಗುತ್ತಿದೆ ಎಂದು ಹಿಂಬಾಲಿಸಿ, ಅದರ ಮುಂದಿನ ಸಿಗ್ನಲ್‌ಗಳನ್ನು ಹಸಿರಾಗಿಸುವ ದಾರಿಯನ್ನು ತೋರಿಸಿದರು.

ಚಿತ್ರವನ್ನು ಅಂಕಿಗಳಾಗಿ ಮಡಿಸುವುದು

ಓಡುತ್ತಿರುವ ಕಾರಿನ ಬೆನ್ನು ಹತ್ತುವುದು ಒಂದು ಬಗೆಯಾದರೆ, ಈಗಾಗಲೇ ಕಪಾಟು ಸೇರಿರುವ ವಿಡಿಯೊ ಭಂಡಾರದಲ್ಲಿ ಹುಡುಕುವುದು ಇನ್ನೊಂದು. ಇಲ್ಲಿ ಅವಸರವಿಲ್ಲ, ಆದರೆ ರಾಶಿ ಅಪಾರ. ಜೊತೆಗೆ ಯಾರು ಏನು ಕೇಳುತ್ತಾರೆ ಎಂಬುದು ಮುಂಚೆ ತಿಳಿದಿರುವುದಿಲ್ಲ.

ದಾರಿ ತೋರಿದ ಮೊದಲ ಕೆಲಸಗಳಲ್ಲಿ ಒಂದು 2003ರದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೋಸೆಫ್ ಸಿವಿಚ್ ಮತ್ತು ಆಂಡ್ರ್ಯೂ ಝಿಸರ್‌ಮನ್ ‘ವಿಡಿಯೊ ಗೂಗಲ್’ ಎಂಬ ಪ್ರಬಂಧದಲ್ಲಿ, ಪಠ್ಯ ಹುಡುಕುವ ಉಪಾಯವನ್ನೇ ಚಿತ್ರಕ್ಕೆ ತಂದರು. ಚಿತ್ರದ ಸಣ್ಣ ಸಣ್ಣ ತುಣುಕುಗಳನ್ನು ಪದಗಳಂತೆ ಎಣಿಸಿ, ಪುಸ್ತಕದ ಕೊನೆಯ ಪದಸೂಚಿಯಂಥದ್ದನ್ನು ಸಿನಿಮಾಕ್ಕೆ ತಯಾರಿಸಿದರು. ಒಂದು ಫ್ರೇಮಿನಲ್ಲಿ ಕಂಡ ವಸ್ತುವಿನ ಸುತ್ತ ಚೌಕ ಎಳೆದರೆ ಅದೇ ವಸ್ತು ಇಡೀ ಸಿನಿಮಾದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಅದು ಹೇಳುತ್ತಿತ್ತು.

ಮಾತಿನಲ್ಲಿ ಕೇಳಿ ಚಿತ್ರ ಪಡೆಯುವ ದಾರಿ ಅಗಲವಾದದ್ದು 2021ರಲ್ಲಿ, ಓಪನ್‌ಎಐ ಸಂಸ್ಥೆಯ ಕ್ಲಿಪ್ ಮಾದರಿಯಿಂದ. ಅಂತರ್ಜಾಲದ 40 ಕೋಟಿ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹಗಳನ್ನೂ ನೋಡಿ ಅದು ಕಲಿತದ್ದು ಒಂದೇ ಪಾಠ: ಯಾವ ಚಿತ್ರಕ್ಕೆ ಯಾವ ಬರಹ ಹೊಂದುತ್ತದೆ. ಚಿತ್ರವನ್ನೂ ವಾಕ್ಯವನ್ನೂ ಅದು ಅಂಕಿಗಳ ಪಟ್ಟಿಯಾಗಿ ಬದಲಿಸುತ್ತದೆ. ಅದರ ಒಂದು ಆವೃತ್ತಿಯಲ್ಲಿ ಪ್ರತಿ ಪಟ್ಟಿಗೆ 512 ಅಂಕಿಗಳು. ‘ಮಳೆಯಲ್ಲಿ ನಿಂತ ಹಳದಿ ಬಸ್ಸು’ ಎಂಬರ್ಥದ ವಾಕ್ಯದ ಪಟ್ಟಿಯೂ, ಅಂಥ ಬಸ್ಸಿನ ಚಿತ್ರದ ಪಟ್ಟಿಯೂ ಗಣಿತದ ಲೆಕ್ಕದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ.

ಇದರಿಂದ ಆಗುವ ಉಳಿತಾಯವನ್ನು ಗಮನಿಸಬೇಕು. ಪ್ರತಿ ಅಂಕಿಗೆ ನಾಲ್ಕು ಬೈಟ್‌ನಂತೆ ಒಂದು ಫ್ರೇಮಿಗೆ ಬೇಕಾದದ್ದು ಎರಡು ಕಿಲೋಬೈಟ್. ಸಾವಿರ ಕ್ಯಾಮೆರಾಗಳ ಒಂದು ದಿನದ ವಿಡಿಯೊ, ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೂ, 21 ಟೆರಾಬೈಟ್ ದಾಟುತ್ತದೆ. ಅದರಿಂದ ಸೆಕೆಂಡಿಗೊಂದರಂತೆ ತೆಗೆದ 8.64 ಕೋಟಿ ಫ್ರೇಮ್‌ಗಳ ಅಂಕಿಪಟ್ಟಿಗಳು ಸುಮಾರು 177 ಗಿಗಾಬೈಟ್ ಮಾತ್ರ. 256 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಅವು ಹಿಡಿಯುತ್ತವೆ.

ಇನ್ನೂ ಇಳಿಸಬಹುದು. ಟಿವಿ ಕಾರ್ಯಕ್ರಮವಾದರೆ ಸೆಕೆಂಡಿಗೆ 25 ಫ್ರೇಮ್‌ನಂತೆ ಗಂಟೆಗೆ 90,000 ಫ್ರೇಮ್‌ಗಳು. ಆದರೆ ದೃಶ್ಯ ಬದಲಾಗುವುದು ಕ್ಯಾಮೆರಾ ಬದಲಾದಾಗ. ಎರಡು ಬದಲಾವಣೆಗಳ ನಡುವಿನ ಫ್ರೇಮ್‌ಗಳು ಬಹುಪಾಲು ಒಂದನ್ನೊಂದು ಹೋಲುತ್ತವೆ. ಪ್ರತಿ ತುಣುಕಿನಿಂದ ಒಂದೆರಡು ಫ್ರೇಮ್ ಇಟ್ಟುಕೊಂಡರೆ ಸಾಕು. ಹುಡುಕುವಾಗಲೂ ಪ್ರತಿ ಪಟ್ಟಿಯನ್ನು ಮುಟ್ಟಬೇಕಿಲ್ಲ. ಹೋಲುವ ಪಟ್ಟಿಗಳನ್ನು ಮುಂಚೆಯೇ ಒಂದಕ್ಕೊಂದು ಕೊಂಡಿ ಹಾಕಿಟ್ಟರೆ, ಕಂಪ್ಯೂಟರ್ ಮೊದಲು ದೊಡ್ಡ ನೆಗೆತದಲ್ಲಿ ಸರಿಯಾದ ದಿಕ್ಕಿಗೆ ಹೋಗಿ, ಆಮೇಲೆ ಸಣ್ಣ ಹೆಜ್ಜೆಗಳಲ್ಲಿ ಅತಿ ಹತ್ತಿರದ ಉತ್ತರಕ್ಕೆ ತಲುಪುತ್ತದೆ. ಎಂದೋ ಒಮ್ಮೆ ಅತ್ಯುತ್ತಮ ಉತ್ತರ ತಪ್ಪಿ ಎರಡನೆಯದು ಸಿಗಬಹುದು. ಅದಕ್ಕೆ ಬದಲಾಗಿ ಕೋಟಿಗಟ್ಟಲೆ ಚಿತ್ರಗಳ ನಡುವೆ ಕಣ್ಣುಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ.

ಆಟೊ ಗೊತ್ತಿಲ್ಲದ ಕಣ್ಣು

ಮಾದರಿ ಎಷ್ಟೇ ಜಾಣವಾಗಿರಲಿ, ಕಲಿಕೆಯಲ್ಲಿ ಕಾಣದ್ದನ್ನು ಅದು ಹೆಸರಿಟ್ಟು ಕರೆಯಲಾರದು. ವಸ್ತು ಗುರುತಿಸುವ ಸಂಶೋಧನೆಗೆ ಜಗತ್ತೆಲ್ಲ ಬಳಸುವ ಕೋಕೋ ಎಂಬ ಚಿತ್ರಸಂಗ್ರಹವನ್ನು ಮೈಕ್ರೋಸಾಫ್ಟ್ ಸಂಶೋಧಕರು ಮತ್ತು ಸಂಗಡಿಗರು 2014ರಲ್ಲಿ ಹೊರತಂದರು. ಅದರಲ್ಲಿ 80 ವರ್ಗಗಳಿವೆ. ಜೀಬ್ರಾ ಇದೆ, ಜಿರಾಫೆ ಇದೆ, ಹಿಮದ ಮೇಲೆ ಜಾರುವ ಹಲಗೆ ಇದೆ. ಆಟೊರಿಕ್ಷಾ ಇಲ್ಲ. ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಿ ನಿಂತರೂ ಮೊದಲು ಕಣ್ಣಿಗೆ ಬೀಳುವ ವಾಹನ ಅಂಥ ಮಾದರಿಯ ಪಾಲಿಗೆ ಕಾರೋ ಲಾರಿಯೋ ಬೈಕೋ ಆಗಬೇಕು, ಇಲ್ಲವೇ ಲೆಕ್ಕಕ್ಕೇ ಸಿಗದೆ ಹೋಗಬೇಕು.

ಈ ಕೊರತೆಯನ್ನು ತುಂಬಲು ವಿಜ್ಞಾನ ಸಂಸ್ಥೆಯ ತಂಡವೊಂದು ಮಾಡಿದ ಕೆಲಸ ಹತ್ತಿರದಿಂದ ನೋಡುವಂಥದ್ದು. ಬೆಂಗಳೂರಿನ ಸುಮಾರು 2,800 ಸೇಫ್ ಸಿಟಿ ಕ್ಯಾಮೆರಾಗಳಿಂದ ನಾಲ್ಕು ವಾರಗಳ ಅವಧಿಯಲ್ಲಿ ಆಯ್ದ 26,646 ಚಿತ್ರಗಳನ್ನು ಅವರು ತೆಗೆದುಕೊಂಡರು. ಹ್ಯಾಕಥಾನ್ ಏರ್ಪಡಿಸಿ ದೇಶದ ಬೇರೆ ಬೇರೆ ಕಡೆಯ 565 ಕಾಲೇಜು ವಿದ್ಯಾರ್ಥಿಗಳ ಮುಂದೆ ಇಟ್ಟರು. ವಿದ್ಯಾರ್ಥಿಗಳು ಪ್ರತಿ ವಾಹನದ ಸುತ್ತ ಚೌಕ ಎಳೆದು ಹೆಸರು ಬರೆದರು: ಸೈಕಲ್, ದ್ವಿಚಕ್ರ ವಾಹನ, ಆಟೊ, ಟೆಂಪೊ ಟ್ರಾವೆಲರ್, ಮಿನಿ ಬಸ್, ಹ್ಯಾಚ್‌ಬ್ಯಾಕ್, ಸೆಡಾನ್ ಹೀಗೆ ಒಟ್ಟು 14 ಬಗೆ. ಒಂದೇ ವಾಹನವನ್ನು ಹಲವರು ಗುರುತಿಸಿದ್ದರಿಂದ ಚೌಕಗಳ ಒಟ್ಟು ಸಂಖ್ಯೆ 18 ಲಕ್ಷ ಮುಟ್ಟಿತು.

ಒಬ್ಬರು ವ್ಯಾನ್ ಎಂದದ್ದನ್ನು ಇನ್ನೊಬ್ಬರು ಎಂಯುವಿ ಎಂದರೆ ಯಾರ ಮಾತು ನಂಬುವುದು? ಬಹುಮತ ಎಣಿಸುವುದು ಒಂದು ವಿಧಾನ. ಇನ್ನೊಂದು, ಯಾರು ಎಷ್ಟು ನಂಬಿಕಸ್ಥರು ಎಂದು ಅವರ ಎಲ್ಲ ಉತ್ತರಗಳಿಂದ ಅಂದಾಜಿಸಿ ತೂಕ ಕೊಡುವ ‘ಸ್ಟೇಪಲ್’ ಎಂಬ ವಿಧಾನ. ಅದು ಹುಟ್ಟಿದ್ದು ವೈದ್ಯಕೀಯದಲ್ಲಿ, ಒಂದೇ ಸ್ಕ್ಯಾನಿನ ಮೇಲೆ ಹಲವು ತಜ್ಞರು ಎಳೆದ ಗೆರೆಗಳನ್ನು ಹೊಂದಿಸುವುದಕ್ಕೆ. ಎರಡನ್ನೂ ಬಳಸಿ ಸೋಸಿದಾಗ ಉಳಿದದ್ದು ಸುಮಾರು ಮೂರು ಲಕ್ಷ ವಾಹನಗಳ ಒಮ್ಮತದ ಗುರುತು. ಈ ಸಂಗ್ರಹಕ್ಕೆ ಯುವಿಎಚ್-26 ಎಂದು ಹೆಸರಿಟ್ಟು 2025ರಲ್ಲಿ ಎಲ್ಲರಿಗೂ ಮುಕ್ತವಾಗಿಸಿದರು. ಕೋಕೋದಿಂದ ಕಲಿತ ಮಾದರಿಗಳಿಗೆ ಹೋಲಿಸಿದರೆ ಇದರಿಂದ ಕಲಿತವುಗಳ ನಿಖರತೆಯ ಅಂಕದಲ್ಲಿ, ಮಾದರಿಗೆ ತಕ್ಕಂತೆ, ಶೇ 8.4ರಿಂದ ಶೇ 31.5ರಷ್ಟು ಏರಿಕೆ ಕಂಡಿತು. ಮಾದರಿಯ ಒಳಗಣ ಗಣಿತ ಬದಲಾಗಿರಲಿಲ್ಲ. ಬದಲಾದದ್ದು ಅದಕ್ಕೆ ತೋರಿಸಿದ ಊರು.

ಕನ್ನಡದ ಕಿವಿ

ವಿಡಿಯೊ ಎಂದರೆ ಚಿತ್ರವಷ್ಟೇ ಅಲ್ಲ, ಮಾತು ಕೂಡ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಲ್ಲಿ ಶುರುಮಾಡಿದ ‘ಥಟ್ ಅಂತ ಹೇಳಿ’ ಮೂರು ಸಾವಿರ ಕಂತುಗಳನ್ನು ದಾಟಿದ ಕಾರ್ಯಕ್ರಮ. ತಾಳಮದ್ದಳೆಯ ಬಗ್ಗೆ ಅದರಲ್ಲಿ ಯಾವಾಗ ಪ್ರಶ್ನೆ ಬಂದಿತ್ತು ಎಂದು ಯಾರಾದರೂ ಕೇಳಿದರೆ ಚಿತ್ರ ನೋಡಿ ಉತ್ತರ ಸಿಗದು. ಪ್ರತಿ ಕಂತಿನಲ್ಲೂ ಕಾಣುವುದು ಅದೇ ವೇದಿಕೆ, ಅದೇ ಕುರ್ಚಿಗಳು. ಅಲ್ಲಿ ಬೇಕಾಗುವುದು ಕನ್ನಡ ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ.

ಇಲ್ಲಿ ಕನ್ನಡದ ಕೊರತೆ ಕಣ್ಣಿಗೆ ಹೊಡೆಯುತ್ತದೆ. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ವಿಸ್ಪರ್ ಮಾದರಿ ಕಲಿತದ್ದು 6,80,000 ಗಂಟೆಗಳ ಧ್ವನಿಯಿಂದ. ಮಾತನ್ನು ಅದೇ ಭಾಷೆಯಲ್ಲಿ ಬರೆಯುವ ಅಭ್ಯಾಸಕ್ಕೆ ಅದರಲ್ಲಿ ತಮಿಳಿನ ಪಾಲು 136 ಗಂಟೆ, ಕನ್ನಡದ್ದು ನಾಲ್ಕು ಗಂಟೆಗೂ ಕಡಿಮೆ. ಈ ಕೊರತೆ ನೀಗುವ ಕೆಲಸವೂ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಪ್ರಾಧ್ಯಾಪಕ ಪ್ರಶಾಂತ ಕುಮಾರ್ ಘೋಷ್ ಅವರ ನೇತೃತ್ವದ ರೆಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳ ಮಾತನ್ನು, ಅವುಗಳ ಉಪಭಾಷೆಗಳ ಸಮೇತ, ಕೃಷಿ ಮತ್ತು ಹಣಕಾಸಿನ ವಿಷಯಗಳಲ್ಲಿ ಸಂಗ್ರಹಿಸಿದೆ. ಧಾರವಾಡದ ಮಾತೂ ಮಂಗಳೂರಿನ ಮಾತೂ ಮೈಸೂರಿನ ಮಾತೂ ಯಂತ್ರದ ಕಿವಿಗೆ ಬೀಳದಿದ್ದರೆ ನಾಳೆಯ ಕನ್ನಡ ವಿಡಿಯೊ ಭಂಡಾರದಲ್ಲಿ ಅರ್ಧ ಕರ್ನಾಟಕ ಹುಡುಕಿದರೂ ಸಿಗುವುದಿಲ್ಲ.

ವಿಡಿಯೊದಲ್ಲಿನ ಮಾತನ್ನು ಹುಡುಕಲು ಸಿಗುವಂತೆ ಬರೆದಿಡುವ ಕೆಲಸವನ್ನು ಯಂತ್ರಕ್ಕೆ ಮುಂಚೆ ಮನುಷ್ಯರು ಕೈಯಾರೆ ಮಾಡಿ ತೋರಿಸಿದ್ದಾರೆ. 2008ರಲ್ಲಿ ಆರಂಭವಾದ ಪ್ಯಾಡ್.ಮಾ ಎಂಬ ವಿಡಿಯೊ ಭಂಡಾರವನ್ನು ಕಟ್ಟಿದ ಸಂಘಟನೆಗಳಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಮ್ ಒಂದು. ಚಿತ್ರೀಕರಿಸಿ ಸಿನಿಮಾದಲ್ಲಿ ಬಳಸದೆ ಉಳಿದ ದೃಶ್ಯಗಳನ್ನು ಅಲ್ಲಿ ಇಡಲಾಗುತ್ತದೆ. ಪ್ರತಿ ವಿಡಿಯೊದ ಜೊತೆಗೂ ಕ್ಷಣಕ್ಷಣಕ್ಕೆ ಯಾರು ಏನು ಹೇಳುತ್ತಿದ್ದಾರೆ, ಎಲ್ಲಿ ನಡೆಯುತ್ತಿದೆ, ಹಿನ್ನೆಲೆ ಏನು ಎಂಬ ಟಿಪ್ಪಣಿಗಳಿರುತ್ತವೆ. ಯಂತ್ರ ‘ಜನರ ಗುಂಪು, ರಸ್ತೆ, ಬಾವುಟ’ ಎನ್ನುವಲ್ಲಿ ಮನುಷ್ಯ ಆ ಗುಂಪು ಏಕೆ ಸೇರಿತ್ತು ಎಂದು ಬರೆದಿರುತ್ತಾನೆ. ಒಳ್ಳೆಯ ಭಂಡಾರಕ್ಕೆ ಎರಡೂ ಬೇಕು.

ನೋಡಬಾರದ್ದು

ಕಾರನ್ನು ಹಿಂಬಾಲಿಸಬಲ್ಲ ವ್ಯವಸ್ಥೆ ಮನುಷ್ಯರನ್ನೂ ಹಿಂಬಾಲಿಸಬಲ್ಲದು. ಕಳೆದುಹೋದ ಮಗುವನ್ನು ಪತ್ತೆಹಚ್ಚುವ ಅದೇ ಸ್ಪಾಟ್‌ಲೈಟ್, ಹೆಣ್ಣುಮಗಳೊಬ್ಬಳು ಪ್ರತಿ ಸಂಜೆ ಯಾವ ದಾರಿಯಲ್ಲಿ ಮನೆಗೆ ಹೋಗುತ್ತಾಳೆ ಎಂಬುದನ್ನೂ ಹೇಳಬಲ್ಲದು. ಅನ್ವೇಷಕ್ ತಂಡ ಈ ಅಪಾಯವನ್ನು ವಿನ್ಯಾಸದ ಪ್ರಶ್ನೆಯಾಗಿಯೇ ತೆಗೆದುಕೊಂಡಿತು. ಉದಾಹರಣೆಗೆ, ವಾಹನ ಹುಡುಕಲು ಅನುಮತಿ, ವ್ಯಕ್ತಿಗಳನ್ನು ಹುಡುಕಲು ಇಲ್ಲ. ಅಥವಾ ವಯಸ್ಕರಿಗೆ ಒಂದು ನಿಯಮ, ಮಕ್ಕಳಿಗೆ ಇನ್ನೊಂದು. ಇಂಥ ಮಿತಿಗಳನ್ನು ವೇದಿಕೆಯೊಳಗೇ ಅಳವಡಿಸುವ ಬಗ್ಗೆ ಅವರು ಕೆಲಸ ಮಾಡಿದರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಬೆಂಗಳೂರಿನವರೇ ಆದ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಯಾವ ಕ್ಯಾಮೆರಾದ ಯಾವ ಫ್ರೇಮನ್ನು ಯಾರು, ಯಾವ ಕಾರಣಕ್ಕೆ ಹುಡುಕಿದರು ಎಂಬುದನ್ನು ತಂತ್ರಾಂಶವೇ ದಾಖಲಿಸಬೇಕು. ವೇಗಕ್ಕಾಗಿ ಕೈಬಿಡುವ ಫ್ರೇಮ್‌ಗಳಿಗೆ ನಿಯಮ ಬರೆಯಲು ಸಾಧ್ಯವಾಗಿರುವಾಗ, ಹಕ್ಕಿಗಾಗಿ ಕೈಬಿಡಬೇಕಾದವುಗಳಿಗೂ ನಿಯಮ ಬರೆಯಲು ಸಾಧ್ಯವಿದೆ. ಮುಂದಿನ ಪಿಎಚ್.ಡಿ.ಗಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಓದುಗರು ಮಾಡಬಹುದಾದ ಕೆಲಸವೂ ಇದೆ. ಕೊನೆಯ ಬಾರಿ ಎಲ್ಲಿ, ಯಾವಾಗ ಕಂಡಿತು ಎಂಬ ಎರಡು ಸಂಗತಿಗಳ ಮೇಲೆಯೇ ಸ್ಪಾಟ್‌ಲೈಟಿನ ಇಡೀ ಲೆಕ್ಕ ನಿಂತಿದೆ. ಮನೆಯ, ಶಾಲೆಯ, ಸಂಘದ ವಿಡಿಯೊಗಳಲ್ಲಿ ಬಹುಪಾಲು ಈ ಎರಡೂ ಇಲ್ಲದೆ ಉಳಿದಿವೆ. ಊರಹಬ್ಬದ, ನಾಟಕದ, ಅಜ್ಜ ಅಜ್ಜಿಯರ ಮಾತಿನ ಹಳೆಯ ಕ್ಯಾಸೆಟ್ಟುಗಳು ಮನೆಯಲ್ಲಿದ್ದರೆ ಮೊದಲು ಡಿಜಿಟಲ್ ಮಾಡಿಸಿ. ಪ್ರತಿ ಕಡತದ ಹೆಸರಿನಲ್ಲೇ ದಿನಾಂಕ, ಊರು, ಅದರಲ್ಲಿರುವವರ ಹೆಸರು, ಸಂದರ್ಭ ಇಷ್ಟನ್ನು ಕನ್ನಡದಲ್ಲಿ ಬರೆದಿಡಿ. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಆ ಒಂದು ಸಾಲು ಇದ್ದರೆ ಯಾವ ಯಂತ್ರಕ್ಕೂ ಹುಡುಕಾಟ ಸಲೀಸು. ಅದು ಇಲ್ಲದಿದ್ದರೆ ಆ ಮುಖ ಯಾರದೆಂದು ಅತ್ಯುತ್ತಮ ಮಾದರಿಯೂ ಹೇಳಲಾರದು.